ಟೆಕ್ಸಸ್‌ನ ಕನ್ಸರ್ವೇಟಿವ್ ಶಾಸಕರ ನಿಲುವು ಪತ್ತೆ ಮಾಡುವುದು ಹೇಗೆ

ಚುನಾವಣೆ ಹತ್ತಿರವಾದಾಗ ಫ್ರಿಸ್ಕೋ, ಅರ್ವಿಂಗ್, ಕೇಟಿ ಕಡೆಯ ಮನೆಗಳ ಅಂಚೆ ಡಬ್ಬಿಗೆ ಬೀಳುವ ರಿಪಬ್ಲಿಕನ್ ಕರಪತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ಪಟ್ಟಿ ಇರುತ್ತದೆ: ಆಸ್ತಿ ತೆರಿಗೆ ಕಡಿತ, ಗಡಿ ಭದ್ರತೆ, ಪೋಷಕರ ಹಕ್ಕು. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಪರಸ್ಪರ ಎದುರಾಳಿಗಳಾದ ಇಬ್ಬರ ಫೋಟೊ ಅದಲುಬದಲು ಮಾಡಿದರೂ ಒಕ್ಕಣೆ ಹೊಂದಿಕೊಳ್ಳುತ್ತದೆ. ವ್ಯತ್ಯಾಸ ಸಿಗುವುದು ರಾಜಧಾನಿ ಆಸ್ಟಿನ್‌ನ ಸದನದಲ್ಲಿ ಅವರು ಒತ್ತಿದ ಗುಂಡಿಯಲ್ಲಿ. ಅದನ್ನು ಮನೆಯಲ್ಲೇ ಕೂತು, ಒಂದು ಸಂಜೆಯಲ್ಲಿ ನೋಡಿಬಿಡಬಹುದು.

ಕರ್ನಾಟಕದ ರೂಢಿಯಿಂದ ಬಂದವರು ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಬೇಕು. ವಿಧಾನಸೌಧದಲ್ಲಿ ಪಕ್ಷದ ವಿಪ್ ಮೀರಿ ವೋಟು ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನವೇ ಹೋಗಬಹುದು. ಮಸೂದೆಗಳೂ ಬಹುಮಟ್ಟಿಗೆ ಧ್ವನಿಮತದಲ್ಲೇ ಪಾಸಾಗುತ್ತವೆ. ಹೀಗಾಗಿ ಒಬ್ಬ ಶಾಸಕರ ವೋಟಿನಿಂದ ಅವರ ಮನಸ್ಸು ತಿಳಿಯುವುದು ಕಷ್ಟ. ಟೆಕ್ಸಸ್‌ನಲ್ಲಿ ಅಂಥ ಕಾಯ್ದೆ ಇಲ್ಲ. ಕೆಳಮನೆಯಾದ ಹೌಸ್‌ನ 150, ಮೇಲ್ಮನೆಯಾದ ಸೆನೆಟ್‌ನ 31 ಸದಸ್ಯರು ಒಬ್ಬೊಬ್ಬರೂ ತಮ್ಮ ಹೆಸರಿನಲ್ಲೇ ವೋಟು ಹಾಕುತ್ತಾರೆ. 2007ರಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿಯ ನಂತರ, ಮಸೂದೆಯ ಅಂತಿಮ ಅಂಗೀಕಾರಕ್ಕೆ ಹೆಸರುವಾರು ದಾಖಲೆ ಕಡ್ಡಾಯ.

ಮೊದಲ ಕೆಲಸ, ಸರಿಯಾದ ಶಾಸಕರನ್ನು ಹಿಡಿಯುವುದು. ನಿಮ್ಮ ವಿಳಾಸಕ್ಕೆ ಮೂವರು ಬೇರೆ ಬೇರೆ ಪ್ರತಿನಿಧಿಗಳಿರುತ್ತಾರೆ: ವಾಷಿಂಗ್ಟನ್‌ಗೆ ಹೋಗುವ ಕಾಂಗ್ರೆಸ್ ಸದಸ್ಯರು, ಆಸ್ಟಿನ್‌ಗೆ ಹೋಗುವ ರಾಜ್ಯ ಹೌಸ್ ಸದಸ್ಯರು, ರಾಜ್ಯ ಸೆನೆಟ್ ಸದಸ್ಯರು. ಮೂರು ಕ್ಷೇತ್ರಗಳ ಗಡಿಯೂ ಬೇರೆ, ಸಂಖ್ಯೆಯೂ ಬೇರೆ. ಗ್ರೀನ್ ಕಾರ್ಡ್ ಸಾಲು ಏಕೆ ಮುಂದೆ ಸಾಗುತ್ತಿಲ್ಲ ಎಂದು ರಾಜ್ಯ ಶಾಸಕರಿಗೆ ಬರೆದು ಪ್ರಯೋಜನವಿಲ್ಲ, ಅದು ಅವರ ಕೈಯಲ್ಲಿಲ್ಲ. ಶಾಲೆ, ಆಸ್ತಿ ತೆರಿಗೆ, ವಿದ್ಯುತ್ ಜಾಲ, ರಾಜ್ಯ ಪೊಲೀಸ್ ಇವು ಅವರ ಕೈಯಲ್ಲಿವೆ.

ಮುಂದೆ ಟೆಕ್ಸಸ್ ಲೆಜಿಸ್ಲೇಚರ್ ಆನ್‌ಲೈನ್ ಜಾಲತಾಣ ತೆರೆಯಿರಿ. ಹುಡುಕುವ ಪೆಟ್ಟಿಗೆಯಲ್ಲಿ ಮಸೂದೆ ಸಂಖ್ಯೆ ಹಾಕುವುದಕ್ಕಿಂತ ಮುಂಚೆ ಅಧಿವೇಶನ ಆರಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಸಂಖ್ಯೆಗಳು ಪ್ರತಿ ಅಧಿವೇಶನಕ್ಕೂ ಒಂದರಿಂದ ಶುರುವಾಗುತ್ತವೆ. ಎಸ್‌ಬಿ 4 (ಸೆನೆಟ್ ಮಸೂದೆ 4) ಅಂದರೆ 2017ರಲ್ಲಿ, ವಲಸೆ ಅಧಿಕಾರಿಗಳೊಂದಿಗೆ ಸಹಕರಿಸದ ನಗರಗಳ ಮೇಲಿನ ಕಾನೂನು. 2023ರ ನಾಲ್ಕನೇ ವಿಶೇಷ ಅಧಿವೇಶನದಲ್ಲಿ, ಅಕ್ರಮ ಗಡಿ ದಾಟುವಿಕೆಯನ್ನು ರಾಜ್ಯದ ಅಪರಾಧವಾಗಿಸಿದ ಕಾನೂನು. 2025ರಲ್ಲಿ, ಮನೆ ತೆರಿಗೆ ವಿನಾಯಿತಿ. ‘ನಮ್ಮ ಶಾಸಕರು ಎಸ್‌ಬಿ 4ಕ್ಕೆ ಹೌದು ಅಂದರು’ ಎಂದು ವಾಟ್ಸಾಪ್‌ನಲ್ಲಿ ಬಂದರೆ, ಯಾವ ವರ್ಷದ್ದು ಎಂದು ಕೇಳದೆ ಮುಂದಕ್ಕೆ ಕಳಿಸಬೇಡಿ.

ಮಸೂದೆಯ ಪುಟದಲ್ಲಿ ಪಠ್ಯದ ಹಲವು ಆವೃತ್ತಿಗಳಿರುತ್ತವೆ: ಮಂಡಿಸಿದ್ದು, ಸಮಿತಿಯಿಂದ ಬಂದದ್ದು, ಒಂದು ಸದನ ಒಪ್ಪಿದ್ದು, ಕೊನೆಗೆ ರಾಜ್ಯಪಾಲರ ಬಳಿ ಹೋದದ್ದು. (ಇಲ್ಲಿನ ರಾಜ್ಯಪಾಲರು ಜನ ಆರಿಸಿದ ಆಡಳಿತ ಮುಖ್ಯಸ್ಥರು, ರಾಜಭವನದವರ ಹಾಗಲ್ಲ.) ಅಡಿಗೆರೆ ಎಳೆದದ್ದು ಹೊಸ ಸೇರ್ಪಡೆ, ಆವರಣದೊಳಗೆ ಹೊಡೆದುಹಾಕಿದ್ದು ತೆಗೆದುಹಾಕಿದ ಹಳೆಯ ಪಠ್ಯ. ಸಮಿತಿಯು ಮೂಲವನ್ನು ಬದಿಗಿಟ್ಟು ಪೂರ್ತಿ ಬದಲಿ ಪಠ್ಯವನ್ನೇ ತರುವುದುಂಟು. ಆದ್ದರಿಂದ ಮಂಡಿಸಿದ ದಿನದ ಪತ್ರಿಕಾ ಸುದ್ದಿ ನಂಬಿ ಕೂರುವಂತಿಲ್ಲ. ಜೊತೆಗಿರುವ ಖರ್ಚಿನ ಟಿಪ್ಪಣಿಯನ್ನೂ ಓದಿ. ರಾಜ್ಯದ ಬಜೆಟ್ ಮಂಡಳಿ ತಯಾರಿಸುವ ಎರಡು ಮೂರು ಪುಟಗಳಲ್ಲಿ, ಮಸೂದೆಗೆ ಎಷ್ಟು ಡಾಲರ್ ಬೀಳುತ್ತದೆ ಎಂಬುದು ಭಾಷಣವಿಲ್ಲದೆ ಸಿಗುತ್ತದೆ.

‘ಸಹ-ಲೇಖಕ’ ಎಂದು ಹೆಸರು ಕಂಡರೆ ಹೆಚ್ಚು ತೂಕ ಕೊಡಬೇಡಿ. ಒಂದು ಸಹಿ ಹಾಕಿದರೆ ಆಯಿತು, ಕರಪತ್ರಕ್ಕೊಂದು ಸಾಲು ಸಿಗುತ್ತದೆ. ಮುಖ್ಯ ಲೇಖಕರು ಯಾರು, ಅವರು ಅದನ್ನು ಸಮಿತಿಯ ವಿಚಾರಣೆಯವರೆಗಾದರೂ ಒಯ್ದರೇ, ಅಷ್ಟು ನೋಡಿ. ನಿಯಮಿತ ಅಧಿವೇಶನ ಎರಡು ವರ್ಷಕ್ಕೊಮ್ಮೆ, 140 ದಿನ ಮಾತ್ರ. ಮಸೂದೆ ಮಂಡನೆಗೆ ಸಾಮಾನ್ಯವಾಗಿ 60ನೇ ದಿನ ಕೊನೆ. ಮೇ ಮಧ್ಯದ ಗಡುವಿನ ಮಧ್ಯರಾತ್ರಿಯೊಳಗೆ ಹೌಸ್‌ನ ಚರ್ಚೆಗೆ ಬಾರದ ಹೌಸ್ ಮಸೂದೆ ಸತ್ತಂತೆ. ಆ ರಾತ್ರಿ ಬೇಕೆಂದೇ ಮಾತು ಬೆಳೆಸಿ ಹೊತ್ತು ಕಳೆಯುವವರೂ ಇದ್ದಾರೆ. ಯಾವ ಮಸೂದೆ ಬರುವ ಮುಂಚೆ ಯಾರು ಮೈಕ್ ಹಿಡಿದು ನಿಂತರು ಎಂಬುದನ್ನು ಹೌಸ್‌ನ ವಿಡಿಯೊ ಸಂಗ್ರಹದಲ್ಲಿ ನೋಡಬಹುದು.

ಈಗ ವೋಟಿನ ವಿಷಯ. ಅಂತಿಮ ವೋಟಿಗಿಂತ ತಿದ್ದುಪಡಿಗಳ ವೋಟಿನಲ್ಲೇ ಹೆಚ್ಚು ಹುರುಳಿದೆ. ಶಾಲಾ ವೋಚರ್, ಅಂದರೆ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರದ ಹಣ ಕೊಡುವ ಪ್ರಕರಣವನ್ನೇ ತೆಗೆದುಕೊಳ್ಳಿ. 2023ರ ನವೆಂಬರ್‌ನಲ್ಲಿ ಶಾಲೆಗಳ ಅನುದಾನ ಮತ್ತು ವೋಚರ್ ಎರಡನ್ನೂ ಒಂದೇ ಮಸೂದೆಯಲ್ಲಿ ಕಟ್ಟಿ ಹೌಸ್‌ಗೆ ತರಲಾಯಿತು. ರಿಪಬ್ಲಿಕನ್ ಪಕ್ಷದವರೇ ಆದ ಜಾನ್ ರೇನಿ ವೋಚರ್ ಭಾಗವನ್ನು ಕಿತ್ತುಹಾಕುವ ತಿದ್ದುಪಡಿ ತಂದರು, 84-63ರಲ್ಲಿ ಗೆದ್ದಿತು. ಡೆಮಾಕ್ರಟರ ಜೊತೆ ನಿಂತ ರಿಪಬ್ಲಿಕನ್ನರು 21. ಹಲವರು ಗ್ರಾಮೀಣ ಕ್ಷೇತ್ರದವರು. ಗರ್ಭಪಾತ, ಬಂದೂಕು, ಗಡಿ ಯಾವುದರಲ್ಲೂ ಅವರನ್ನು ಕನ್ಸರ್ವೇಟಿವ್ ಅಲ್ಲ ಎನ್ನಲಾಗದು. ಆದರೆ ಅಲ್ಲಿನ ಎಷ್ಟೋ ಕೌಂಟಿಗಳಲ್ಲಿ ಖಾಸಗಿ ಶಾಲೆಯೇ ಇಲ್ಲ, ಸರ್ಕಾರಿ ಶಾಲೆಯೇ ಊರಿಗೆಲ್ಲ ಕೆಲಸ ಕೊಡುವ ದೊಡ್ಡ ಸಂಸ್ಥೆ. ರಾಜ್ಯಪಾಲ ಗ್ರೆಗ್ ಅಬಾಟ್ 2024ರ ಪ್ರೈಮರಿಗಳಲ್ಲಿ ಇವರ ಎದುರಾಳಿಗಳ ಪರ ಪ್ರಚಾರಕ್ಕಿಳಿದರು, ಹಲವರು ಸೋತರು. 2025ರಲ್ಲಿ 100 ಕೋಟಿ ಡಾಲರ್‌ನ ವೋಚರ್ ಯೋಜನೆ, ಎಸ್‌ಬಿ 2, ಹೌಸ್‌ಗೆ ಬಂದಾಗ ವಿರೋಧಿಸಿದ ರಿಪಬ್ಲಿಕನ್ನರು ಇಬ್ಬರೇ: ಹಿಂದಿನ ಸ್ಪೀಕರ್ ಡೇಡ್ ಫೆಲಾನ್ ಮತ್ತು ಗ್ಯಾರಿ ವ್ಯಾನ್‌ಡೀವರ್. 2023ರಲ್ಲೂ 2025ರಲ್ಲೂ ಸದಸ್ಯರಾಗಿದ್ದವರ ಹೆಸರನ್ನು ಎರಡೂ ಪಟ್ಟಿಗಳಲ್ಲಿ ಹುಡುಕಿ ಪಕ್ಕಪಕ್ಕ ಬರೆದುಕೊಳ್ಳಿ. ಯಾರ ನಿಲುವು ಬದಲಾಯಿತು, ಯಾರದು ಇಲ್ಲ, ಆ ಎರಡು ಕಾಲಂಗಳಲ್ಲೇ ಇದೆ.

ದಾಖಲೆ ಹುಡುಕುವ ಕ್ರಮ ಹೀಗೆ. ಮಸೂದೆ ಪುಟದ ‘ಆಕ್ಷನ್ಸ್’ ಭಾಗದಲ್ಲಿ ರೆಕಾರ್ಡ್ ವೋಟ್ ಸಂಖ್ಯೆಗಳಿರುತ್ತವೆ. ಅದರ ಪಕ್ಕದ ಜರ್ನಲ್ (ಸದನದ ಅಧಿಕೃತ ನಡಾವಳಿ) ಪುಟ ತೆರೆದರೆ ಪರ, ವಿರುದ್ಧ, ಹಾಜರಿದ್ದೂ ವೋಟು ಹಾಕದವರು, ಗೈರು ಎಂದು ಹೆಸರುಗಳು ಸಿಗುತ್ತವೆ. ಓದುವಾಗ ಕಾಲಿಗೆ ತೊಡರುವುದು ಮುಖ್ಯವಾಗಿ ಮೂರು.

ಒಂದು, ‘ಟೇಬಲ್’ ಗೊತ್ತುವಳಿ. ತಿದ್ದುಪಡಿಯನ್ನು ಬದಿಗೆ ಸರಿಸೋಣವೇ ಎಂಬ ಪ್ರಶ್ನೆಗೆ ‘ಹೌದು’ ಅಂದರೆ ತಿದ್ದುಪಡಿಗೆ ‘ಬೇಡ’ ಎಂದರ್ಥ. ಅವಸರದಲ್ಲಿ ಓದಿದವರು ಪೂರಾ ತಿರುವುಮುರುವು ಮಾಡಿಕೊಳ್ಳುತ್ತಾರೆ. ಎರಡು, ವೋಟಿನ ಪಟ್ಟಿಯ ಕೆಳಗೆ ಬರುವ ಹೇಳಿಕೆಗಳು: ‘ನನ್ನ ವೋಟು ಹೌದು ಎಂದು ದಾಖಲಾಗಿದೆ, ಇಲ್ಲ ಎಂದು ಹಾಕುವ ಉದ್ದೇಶವಿತ್ತು.’ ಗುಂಡಿ ತಪ್ಪಿ ಒತ್ತುವುದುಂಟು, ಪಕ್ಕದ ಮೇಜಿನವರು ಒತ್ತುವುದೂ ಉಂಟು. ಫಲಿತಾಂಶ ತಿಳಿದ ಮೇಲೆ ಎರಡೂ ಕಡೆಯವರಿಗೆ ತೋರಿಸಲು ಹೀಗೆ ಬರೆಸುವುದೂ ಉಂಟು. ಹೇಳಿಕೆಯಿಂದ ಲೆಕ್ಕ ಬದಲಾಗುವುದಿಲ್ಲ. ಒಂದೆರಡು ಸಲವಾದರೆ ಕೈತಪ್ಪು ಎನ್ನಿ. ಬಿಸಿ ವಿಷಯ ಬಂದಾಗಲೆಲ್ಲ ಹಾಗಾದರೆ ಗುರುತು ಹಾಕಿಕೊಳ್ಳಿ. ಮೂರು, ‘ಲೋಕಲ್ ಅಂಡ್ ಕನ್ಸೆಂಟ್’ ಪಟ್ಟಿಯ ನೂರಾರು ಮಸೂದೆಗಳು. ತಕರಾರಿಲ್ಲದವನ್ನು ಅಲ್ಲಿ ಒಟ್ಟಿಗೆ ಸಾಗಹಾಕುತ್ತಾರೆ. ಅವನ್ನು ಲೆಕ್ಕಕ್ಕೆ ಸೇರಿಸಿದರೆ ಎಲ್ಲರೂ ಎಲ್ಲದಕ್ಕೂ ಒಪ್ಪಿದಂತೆ ಕಾಣುತ್ತದೆ.

ಆಸ್ತಿ ತೆರಿಗೆಯಲ್ಲಿ ಬಿರುಕು ಇನ್ನೊಂದು ಬಗೆಯದು. 2023ರಲ್ಲಿ ಹೌಸ್, ಸೆನೆಟ್ ಎರಡೂ ರಿಪಬ್ಲಿಕನ್ನರ ಕೈಯಲ್ಲೇ ಇದ್ದವು, ಎರಡೂ ಕಡಿತ ಬೇಕೆಂದವು, ಆದರೂ ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಆಸ್ತಿಯ ಅಂದಾಜು ಬೆಲೆ ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಏರಬಾರದು ಎಂದು ಹೌಸ್. ಸ್ವಂತ ವಾಸದ ಮನೆಯ ವಿನಾಯಿತಿ ಹೆಚ್ಚಿಸಿ ಎಂದು ಸೆನೆಟ್. ಕೊನೆಗೆ ವಿನಾಯಿತಿ 40,000ದಿಂದ 1,00,000 ಡಾಲರ್‌ಗೆ, 2025ರಲ್ಲಿ 1,40,000ಕ್ಕೆ ಏರಿತು. ನಿಮ್ಮ ಶಾಲಾ ಜಿಲ್ಲೆಯ ದರ 100 ಡಾಲರ್‌ಗೆ 1.05 ಎಂದಿಟ್ಟುಕೊಳ್ಳಿ, 2025ರಲ್ಲಿ ಹೆಚ್ಚಿದ 40,000ದಿಂದ ವರ್ಷಕ್ಕೆ 420 ಡಾಲರ್ ಉಳಿಯುತ್ತದೆ. ಇದು ಶಾಲಾ ತೆರಿಗೆಗೆ ಮಾತ್ರ. ಕೌಂಟಿ, ನಗರದ ಬಾಬ್ತು ಬೇರೆ. ಬಾಡಿಗೆ ಮನೆಯಲ್ಲಿರುವವರಿಗೆ ಈ ವಿನಾಯಿತಿ ನೇರವಾಗಿ ಸಿಗದು. ಹಾಗಾಗಿ ‘ತೆರಿಗೆ ಕಡಿತದ ಪರವೇ?’ ಎಂದು ಶಾಸಕರನ್ನು ಕೇಳಬೇಡಿ, ಉತ್ತರ ಗೊತ್ತೇ ಇದೆ. ‘ವಿನಾಯಿತಿಯೋ, ದರ ಇಳಿಕೆಯೋ, ಅಂದಾಜು ಬೆಲೆಗೆ ಮಿತಿಯೋ?’ ಎಂದು ಕೇಳಿ.

ದುಡ್ಡಿನ ಜಾಡನ್ನೂ ಒಮ್ಮೆ ನೋಡಿ. ಶಾಸಕರ ಸಂಬಳ ತಿಂಗಳಿಗೆ 600 ಡಾಲರ್, ಅಧಿವೇಶನದ ದಿನಭತ್ಯೆ ಬೇರೆ. ಅದರಲ್ಲಿ ಸಂಸಾರ ನಡೆಯದು. ವಕೀಲಿಕೆ, ರಿಯಲ್ ಎಸ್ಟೇಟ್, ವಿಮೆ ಎಂದು ಹೊರಗಿನ ಕಸುಬು ಇದ್ದೇ ಇರುತ್ತದೆ. ಶಾಸಕ ಅಭ್ಯರ್ಥಿಗೆ ಒಬ್ಬ ವ್ಯಕ್ತಿ ಕೊಡುವ ದೇಣಿಗೆಗೆ ರಾಜ್ಯದಲ್ಲಿ ಮೇಲ್ಮಿತಿ ಇಲ್ಲ. ಟೆಕ್ಸಸ್ ಎಥಿಕ್ಸ್ ಕಮಿಷನ್‌ಗೆ ಜನವರಿ 15 ಮತ್ತು ಜುಲೈ 15ಕ್ಕೆ ಲೆಕ್ಕ ಸಲ್ಲಿಸಬೇಕು. ನಿಯಮಿತ ಅಧಿವೇಶನಕ್ಕೆ 30 ದಿನ ಮುಂಚಿನಿಂದ ಅದು ಮುಗಿದ 20ನೇ ದಿನದವರೆಗೆ ದೇಣಿಗೆ ಪಡೆಯುವಂತಿಲ್ಲ. ಆದ್ದರಿಂದ ಆ ನಿಷೇಧದ ಹಿಂದುಮುಂದಿನ ವಾರಗಳ ಪಟ್ಟಿಯನ್ನು ಮೊದಲು ತೆರೆಯಿರಿ. ನೀವೇ ಕೊಡುವುದಾದರೆ ಒಂದು ಎಚ್ಚರಿಕೆ: ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರು ಯಾವ ಚುನಾವಣೆಗೂ ದೇಣಿಗೆ ಕೊಡುವುದು ಫೆಡರಲ್ ಕಾನೂನಿಗೆ ವಿರುದ್ಧ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ವೋಟು ಹಾಕುವಂತಿಲ್ಲ.

ಆದರೆ ಸಮಿತಿಯ ಮುಂದೆ ಮಾತಾಡಲು ಪೌರತ್ವ ಬೇಕಿಲ್ಲ. ಕ್ಯಾಪಿಟಲ್ ಕಟ್ಟಡಕ್ಕೆ ಹೋಗಿ ಸಾಕ್ಷಿಯಾಗಿ ನೋಂದಾಯಿಸಿಕೊಂಡು ಪರ, ವಿರುದ್ಧ ಅಥವಾ ‘ವಿಷಯದ ಮೇಲೆ’ ಎಂದು ಗುರುತು ಹಾಕಬೇಕು. ಮಾತಿಗೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ. ಸರದಿ ಬರುವಾಗ ರಾತ್ರಿಯಾಗಬಹುದು, ಊಟ ಕಟ್ಟಿಕೊಂಡು ಹೋಗಿ. ಹೋಗಲಾಗದಿದ್ದರೆ ಹೌಸ್ ಸಮಿತಿಗಳಿಗೆ ಜಾಲತಾಣದಲ್ಲೇ ಅಭಿಪ್ರಾಯ ಬರೆಯಬಹುದು.

ಕಚೇರಿಗೆ ಪತ್ರ ಬರೆಯುವುದಾದರೆ ಒಂದು ಪುಟ ಮೀರದಿರಲಿ. ಮೊದಲ ಸಾಲಿನಲ್ಲಿ ಮಸೂದೆ ಸಂಖ್ಯೆ, ಅಧಿವೇಶನ, ಯಾವ ಆವೃತ್ತಿ, ಯಾವ ಕಲಂ. ಎರಡನೆಯದರಲ್ಲಿ ನೀವು ಅವರ ಕ್ಷೇತ್ರದವರೆಂದು ತೋರಿಸುವ ವಿಳಾಸ. ಆಮೇಲೆ ಜರ್ನಲ್‌ನಲ್ಲಿ ಸಿಕ್ಕ ಅವರದೇ ವೋಟು ಮತ್ತು ಹೌದು-ಇಲ್ಲ ಎಂದು ಉತ್ತರಿಸಬಹುದಾದ ಒಂದೇ ಪ್ರಶ್ನೆ. ಗುಂಪಿನ ಅಚ್ಚುಪತ್ರ ಕಳಿಸಿದರೆ ಅಚ್ಚುಪತ್ರವೇ ವಾಪಸು ಬರುತ್ತದೆ. ಮುಂದಿನ ನಿಯಮಿತ ಅಧಿವೇಶನ ಕೂಡುವುದು 2027ರ ಜನವರಿ 12ಕ್ಕೆ. ಮಸೂದೆಗಳ ಮುಂಗಡ ಸಲ್ಲಿಕೆ 2026ರ ನವೆಂಬರ್‌ನ ಚುನಾವಣೆ ಮುಗಿದ ಮುಂದಿನ ಸೋಮವಾರವೇ ಶುರು. ಪತ್ರವನ್ನು ಆ ವಾರಕ್ಕೆ ಸಿದ್ಧವಾಗಿಟ್ಟುಕೊಳ್ಳಿ.