ಮಂಜರಾಬಾದ್ ಕೋಟೆ: ನೆಲದ ಮೇಲೆ ನಿಂತೇ ನಕ್ಷತ್ರ ನೋಡುವುದು ಹೇಗೆ?

ಸಕಲೇಶಪುರದ ಮಂಜರಾಬಾದ್ ಕೋಟೆ ಇರುವುದು ನಕ್ಷತ್ರದ ಆಕಾರದಲ್ಲಿ. ಆದರೂ ಅದನ್ನು ಹತ್ತಿದವರಲ್ಲಿ ಅನೇಕರು ‘ನಕ್ಷತ್ರ ಎಲ್ಲಿದೆ?’ ಎಂದು ಕೇಳುತ್ತಲೇ ಇಳಿದುಬಿಡುತ್ತಾರೆ. ಮೊಬೈಲಿನಲ್ಲಿ ಕಂಡ ಎಂಟು ಮೂಲೆಯ ಚಿತ್ರ ಮೇಲಿನಿಂದ ತೆಗೆದದ್ದು. ಒಳಗೆ ನಿಂತರೆ ಕಾಣುವುದು ಹುಲ್ಲು, ಗೋಡೆ, ನಡುವೆ ಒಂದು ಬಾವಿ. ಆದರೆ ಒಂದೂವರೆ ಗಂಟೆ ಬಿಡುವು ಮಾಡಿಕೊಂಡರೆ ನಕ್ಷತ್ರ ಕಾಲಿಗೇ ಸಿಗುತ್ತದೆ.

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಒಂದು ದಿನ ಆರಿಸಿಕೊಳ್ಳಿ. ಮಳೆಗಾಲದಲ್ಲಿ ಬೆಟ್ಟ ಬಲು ಚೆಂದ, ಆದರೆ ಮಂಜಿನಲ್ಲಿ ಎದುರಿನ ಗೋಡೆಯೇ ಮಾಯವಾಗುತ್ತದೆ, ಹುಲ್ಲಿನ ತುಂಬ ಉಂಬಳ (ರಕ್ತ ಹೀರುವ ಜಿಗಣೆ). ಹೋಗಲೇಬೇಕೆಂದರೆ ಉದ್ದ ಕಾಲುಚೀಲ ಹಾಕಿ, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಮಂಗಳೂರು ಕಡೆಯ ಬಸ್ಸುಗಳೆಲ್ಲ ಆಲೂರಿನ ಮೇಲೆ ಅಲ್ಲಿಗೇ ಹೋಗುತ್ತವೆ. ಕೋಟೆ ಇನ್ನೂ ಐದಾರು ಕಿ.ಮೀ. ಮುಂದೆ, ದೋಣಿಗಾಲ್ ಬಳಿ, ಹೆದ್ದಾರಿಯ ಪಕ್ಕದಲ್ಲೇ ಇದೆ. ಎಲ್ಲ ಬಸ್ಸೂ ಅಲ್ಲಿ ನಿಲ್ಲುವುದಿಲ್ಲ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ, ಇಲ್ಲವೇ ಪೇಟೆಯಲ್ಲಿಳಿದು ಆಟೊ ಹಿಡಿಯಿರಿ. ಬೆಳಿಗ್ಗೆ ಒಂಬತ್ತರೊಳಗೆ ಬುಡದಲ್ಲಿರಬೇಕು. ಮೆಟ್ಟಿಲು ಸುಮಾರು 250, ನೆರಳು ಕಡಿಮೆ. ತಲೆಗೊಂದು ಲೀಟರ್ ನೀರು ಕೆಳಗಿನಿಂದಲೇ ಒಯ್ಯಿರಿ.

ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿ ಮುಗಿಸಿದ ಕೋಟೆಯಿದು, ಮಾದರಿ ಫ್ರೆಂಚರದು. ಬಾಗಿಲು ದಾಟಿ ಒಳಗೆ ಬಂದವರು ಸಾಮಾನ್ಯವಾಗಿ ನೇರ ಬಾವಿಯ ಕಡೆ ನಡೆಯುತ್ತಾರೆ. ಹಾಗೆ ಮಾಡಬೇಡಿ. ಮೊದಲು ಗೋಡೆ ಹಿಡಿಯಿರಿ. ಗೋಡೆ ಸದಾ ಎಡಗೈಗೆ ಇರುವಂತೆ ಸುತ್ತುತ್ತ, ಹೊರಕ್ಕೆ ಚಾಚಿದ ಚೂಪು ಮೂಲೆಗಳನ್ನು ಮಾತ್ರ ಎಣಿಸಿ. ಎರಡು ಮೂಲೆಗಳ ನಡುವೆ ಗೋಡೆ ಒಳಕ್ಕೆ ಮಡಚಿಕೊಳ್ಳುತ್ತದೆ. ಆ ಮಡಿಕೆಯನ್ನೂ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಎಂಟಾದಾಗ ಬಾಗಿಲಿಗೇ ಮರಳಿರುತ್ತೀರಿ.

ಒಂದು ಚೂಪು ಮೂಲೆಯ ಹತ್ತಿರ ನಿಂತು ಪಕ್ಕದ ಗೋಡೆಯನ್ನು ಗಮನಿಸಿ. ಅದರ ಹೊರಮೈ ಬುಡದವರೆಗೂ ಕಾಣುತ್ತದೆ. ಗೋಡೆ ಮಡಿಕೆಯಿಲ್ಲದೆ ಒಂದೇ ಗೆರೆಯಲ್ಲಿದ್ದರೆ ಬುಡಕ್ಕೆ ಅಂಟಿ ನಿಂತ ಶತ್ರು ಮೇಲಿನವರಿಗೆ ಕಾಣುವುದೇ ಇಲ್ಲ. ಇಲ್ಲಿ ಒಂದು ಗೋಡೆಯ ಬುಡವನ್ನು ಇನ್ನೊಂದು ಗೋಡೆಯ ಬಂದೂಕು ಕಾಯುತ್ತದೆ. ನಕ್ಷತ್ರದ ಆಕಾರ ಅಂದಕ್ಕಲ್ಲ, ಇದಕ್ಕೆ. ಈ ಒಂದು ನೋಟಕ್ಕಾಗಿಯೇ ಬೆಟ್ಟ ಹತ್ತಬಹುದು.

ಗೋಡೆಯ ಅಂಚಿಗೆ ಕಂಬಿ ಇಲ್ಲ, ಆಚೆ ಕಂದಕ. ಇಬ್ಬನಿ ಬಿದ್ದ ಹಾವಸೆಯ ಮೇಲೆ ಚಪ್ಪಲಿ ಜಾರುತ್ತದೆ. ಶೂ ಹಾಕಿ, ಮಕ್ಕಳ ಕೈ ಬಿಡಬೇಡಿ, ಸೆಲ್ಫಿಗೆ ಹಿಂದಕ್ಕೆ ಹೆಜ್ಜೆ ಇಡಬೇಡಿ.

ಈಗ ಬಾವಿಗೆ ಬನ್ನಿ. ಕೂಡಿಸುವ ಚಿಹ್ನೆಯ ಆಕಾರ, ನಾಲ್ಕೂ ಕಡೆ ಮೆಟ್ಟಿಲು. ಹತ್ತಿರವೇ ಮದ್ದುಗುಂಡು ಇಡುತ್ತಿದ್ದ ನೆಲಮಾಳಿಗೆಗಳಿವೆ. ಬಿಸಿಲಿನಿಂದ ಇಳಿದರೆ ಮೈಗೆ ತಣ್ಣಗೆ ತಾಗುತ್ತದೆ. ಕತ್ತಲಿರುವುದರಿಂದ ಟಾರ್ಚ್ ಬೇಕು.

ಹನ್ನೆರಡರೊಳಗೆ ಇಳಿದರೆ ಪೇಟೆಯಲ್ಲಿ ಊಟ ಮುಗಿಸಿ, ಹೇಮಾವತಿ ದಡದ ಸಕಲೇಶ್ವರ ದೇವಸ್ಥಾನ ನೋಡಿಕೊಂಡು, ಸಂಜೆಯ ಬಸ್ಸಿಗೆ ನಿಲ್ದಾಣದಲ್ಲಿರಬಹುದು.