ಪೆಟ್ಟಿಗೆಯಲ್ಲಿ ಮಗು, ಹೊರಗೆ ಅಪ್ಪ-ಅಮ್ಮ: ಆ ದಿನಗಳನ್ನು ದಾಟುವುದು ಹೇಗೆ?

‘ಮಗೂನ ಪೆಟ್ಟಿಗೇಲಿ ಇಟ್ಟಿದಾರಂತೆ.’

ಪೆಟ್ಟಿಗೆ ಅಂದರೆ ಹಸುಗೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್. ನಮ್ಮ ಕಡೆ ಈ ಮಾತು ಬಹಳ ಬೇಗ ಊರು ಸುತ್ತುತ್ತದೆ. ಅಪ್ಪನಿಗೆ ವಿಷಯ ಸರಿಯಾಗಿ ಅರ್ಥವಾಗುವ ಮೊದಲೇ ಸೋದರತ್ತೆಗೆ ಗೊತ್ತಾಗಿರುತ್ತದೆ. ನನಗೂ ಹಾಗೇ ಆಯಿತು. ಹೆಂಡತಿಗೆ ಹರಿಹರದಲ್ಲಿ ಸಿಜೇರಿಯನ್. ಮಗಳು ಏಳು ವಾರ ಮೊದಲೇ ಬಂದಳು, ತೂಕ 1 ಕೆ.ಜಿ. 640 ಗ್ರಾಂ. ಉಸಿರಾಟ ಸರಿಯಿಲ್ಲ ಅಂತ ಒಂದೇ ಗಂಟೆಯಲ್ಲಿ ಆಂಬುಲೆನ್ಸ್ ಹತ್ತಿಸಿ ದಾವಣಗೆರೆಗೆ ಕಳಿಸಿದರು. ತಾಯಿ ಅಲ್ಲಿ, ಮಗು ಇಲ್ಲಿ, ನಡುವೆ ಬೈಕಿನಲ್ಲಿ ನಾನು. ಒಟ್ಟು ಇಪ್ಪತ್ತೊಂದು ದಿನ.

ಈಗ ಅವಳು ಯುಕೆಜಿ. ಒಬ್ಬಳೇ ಎರಡು ಬೆಣ್ಣೆದೋಸೆ ತಿನ್ನುತ್ತಾಳೆ. ಆದರೆ ಅವತ್ತು ಯಾರಾದರೂ ನನ್ನನ್ನು ಕೂರಿಸಿಕೊಂಡು ‘ಮೊದಲು ಇದು ಮಾಡು, ಆಮೇಲೆ ಅದು’ ಅಂತ ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಡಾಕ್ಟರಲ್ಲ. ಚಿಕಿತ್ಸೆಯ ಮಾತು ಅವರದೇ. ಆದರೆ ಪೆಟ್ಟಿಗೆಯ ಹೊರಗೆ ನಿಂತ ಅಪ್ಪ-ಅಮ್ಮ ಸುಮ್ನೆ ಕಾಯುವುದಷ್ಟೇ ಅಲ್ಲ, ಅವರಿಗೂ ಅಲ್ಲಿ ಕೆಲಸ ಇದೆ. ಅದು ನನಗೆ ತಡವಾಗಿ ಗೊತ್ತಾಯಿತು.

ಮೊದಲು ಒಂದು ನೋಟ್‌ಬುಕ್ ಕೊಳ್ಳಿ

ಹತ್ತು ರೂಪಾಯಿಯದ್ದೇ ಸಾಕು. ಮೊದಲ ಪುಟದಲ್ಲಿ ಒಂದೇ ಸಾಲು ಬರೆಯಬೇಕು: ಮಗುವನ್ನು ಯಾಕೆ ಇಲ್ಲಿ ಇಟ್ಟಿದ್ದಾರೆ? ಇದನ್ನು ಡಾಕ್ಟರ ಬಾಯಿಂದಲೇ, ನಿಮಗೆ ಅರ್ಥವಾಗುವ ಕನ್ನಡದಲ್ಲಿ ಕೇಳಿ. ಎಲ್ಲ ಮಕ್ಕಳೂ ಒಂದೇ ಕಾರಣಕ್ಕೆ ಒಳಗೆ ಹೋಗುವುದಿಲ್ಲ. 37 ವಾರ ತುಂಬುವ ಮೊದಲೇ ಹುಟ್ಟಿರಬಹುದು. ತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇರಬಹುದು. ಉಸಿರಾಟದ ತೊಂದರೆ, ಸೋಂಕು, ಕಾಮಾಲೆ ಇರಬಹುದು. ನಾವು ಪೆಟ್ಟಿಗೆ ಅನ್ನುವುದೂ ಎಲ್ಲ ಸಲ ಪೆಟ್ಟಿಗೆಯಲ್ಲ. ನನ್ನ ಮಗಳು ಇದ್ದದ್ದು ಮೇಲಿನಿಂದ ಶಾಖ ಕೊಡುವ ತೆರೆದ ವಾರ್ಮರ್‌ನಲ್ಲಿ.

ಪಕ್ಕದ ಮಗುವಿಗೆ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದ್ದರು. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಅದು ಕಾಮಾಲೆಗೆ ಕೊಡುವ ಬೆಳಕು, ಕಣ್ಣಿಗೆ ತೊಂದರೆಯಾಗದಿರಲಿ ಅಂತ ಪಟ್ಟಿ. ತಿಂಗಳು ತುಂಬಿ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು ಆರಕ್ಕೆ ಮೊದಲ ವಾರ ಮೈ ಹಳದಿಯಾಗುತ್ತದೆ, ಬೇಗ ಹುಟ್ಟಿದವರಲ್ಲಿ ಎಂಟಕ್ಕೆ. ಹೆಚ್ಚಿನವು ತಾನಾಗೇ ಸರಿಹೋಗುತ್ತವೆ. ರಕ್ತದಲ್ಲಿ ಬಿಲಿರುಬಿನ್, ಅಂದರೆ ಮೈ ಹಳದಿ ಮಾಡುವ ಅಂಶ, ಮಟ್ಟ ಮೀರಿದರೆ ಈ ಬೆಳಕು ಬೇಕು. ‘ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಹೋಗುತ್ತೆ’ ಅನ್ನುವ ಮಾತನ್ನು ನಂಬಿ ಕೂರಬೇಡಿ. ನಮ್ಮ ದಾವಣಗೆರೆ ಬಿಸಿಲು ಎಷ್ಟೇ ಜೋರಿರಲಿ, ಅದು ಆ ದೀಪದ ಕೆಲಸ ಮಾಡುವುದಿಲ್ಲ.

ಆಮೇಲೆ ದಿನಾ ನಾಲ್ಕೇ ಪ್ರಶ್ನೆ. ಉಸಿರು ತಾನೇ ಆಡುತ್ತಿದೆಯಾ? ಹಾಲು ಎಷ್ಟು ಎಂ.ಎಲ್. ಹೋಯಿತು? ತೂಕ ಎಷ್ಟು? ನಿನ್ನೆಗೂ ಇವತ್ತಿಗೂ ಏನು ಬದಲಾಯಿತು? ರೌಂಡ್ಸ್ ಯಾವಾಗ ಅಂತ ಸಿಸ್ಟರ್ ಹತ್ತಿರ ಕೇಳಿಕೊಂಡು ಆ ಹೊತ್ತಿಗೆ ಬಾಗಿಲಲ್ಲಿ ನಿಂತಿರಿ. ಸಿಕ್ಕವರನ್ನೆಲ್ಲ ಕೇಳಿದರೆ ಹತ್ತು ಉತ್ತರ ಸಿಗುತ್ತವೆ, ತಲೆ ಕೆಡುತ್ತದೆ.

ತೂಕದ ವಿಷಯದಲ್ಲಿ ಒಂದು ಎಚ್ಚರಿಕೆ. ಮೂರನೇ ದಿನ ನನ್ನ ಮಗಳ ತೂಕ 1,520ಕ್ಕೆ ಇಳಿದಿತ್ತು. ‘ನೀವು ಮಗೂಗೆ ಏನೂ ಕೊಡ್ತಾ ಇಲ್ಲ’ ಅಂತ ಸಿಸ್ಟರ್ ಮೇಲೆ ರೇಗಿದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ಮೊದಲ ದಿನಗಳಲ್ಲಿ ಮೈಯ ನೀರಿನಂಶ ಕಡಿಮೆಯಾಗಿ ಹತ್ತರಲ್ಲಿ ಒಂದು ಪಾಲಿನವರೆಗೂ ತೂಕ ಇಳಿಯುವುದುಂಟು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತವೆ.

ಹಾಲು: ಇದನ್ನು ಮಾತ್ರ ನಾಳೆಗೆ ಬಿಡಬೇಡಿ

ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ಮಗು ಬಾಯಿ ಹಾಕಲು ಹತ್ತಿರ ಇಲ್ಲ, ಹಾಗಾಗಿ ಹಾಲಿನ ಯೋಚನೆ ಆಮೇಲೆ ಅಂದುಕೊಳ್ಳುತ್ತಾರೆ. ನಮ್ಮಲ್ಲೂ ಮೊದಲ ಇಡೀ ದಿನ ಯಾರೂ ಹೆಂಡತಿಗೆ ‘ಹಾಲು ಹಿಂಡಿ ಕಳಿಸಿ’ ಅಂತ ಹೇಳಲಿಲ್ಲ. ಮಾರನೇ ದಿನ ದಾವಣಗೆರೆಯ ಸಿಸ್ಟರೇ ‘ತಾಯಿ ಹಾಲು ಎಲ್ಲಿ ಸರ್?’ ಅಂತ ಕೇಳಿದಾಗ ನಾನು ಪಿಳಿಪಿಳಿ ನೋಡಿದೆ.

ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಶುರು ಮಾಡಬೇಕು. ಎರಡು-ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲವಾದರೂ, ರಾತ್ರಿಯೂ ಸೇರಿ. ಮೊದಲು ಬರುವ ಗಿಣ್ಣುಹಾಲು ಒಂದು ಚಮಚವೂ ಇರುವುದಿಲ್ಲ. ಅದನ್ನು ಚೆಲ್ಲುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಸೋಂಕು ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಎದೆ ಖಾಲಿಯಾದಷ್ಟೂ ಹಾಲು ಬರುತ್ತದೆ. ಹಿಂಡದೆ ಬಿಟ್ಟರೆ ಬತ್ತುತ್ತದೆ.

ವಿಧಾನ ಕಷ್ಟದ್ದಲ್ಲ. ಕೈ ಸೋಪಿನಲ್ಲಿ ತೊಳೆಯಿರಿ. ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ಉಳಿದ ಬೆರಳು ಇಡಿ. ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅದುಮಿ, ಬಿಡಿ. ತೊಟ್ಟನ್ನು ಎಳೆಯಬಾರದು, ಚರ್ಮದ ಮೇಲೆ ಉಜ್ಜಬಾರದು. ಕುದಿಸಿದ ಸ್ಟೀಲ್ ಲೋಟಕ್ಕೆ ತುಂಬಿ, ಮುಚ್ಚಿ, ಹೆಸರು ಮತ್ತು ಹೊತ್ತು ಬರೆದ ಚೀಟಿ ಅಂಟಿಸಿ.

ತಂಪಾದ ಕೋಣೆಯಲ್ಲಿ, ಅಂದರೆ 25 ಡಿಗ್ರಿಯೊಳಗೆ, ತಾಜಾ ಹಾಲು ನಾಲ್ಕು ಗಂಟೆ ಇರುತ್ತದೆ. ನಮ್ಮದು ಏಪ್ರಿಲ್. ಹಾಗಾಗಿ ದೊಡ್ಡ ಟಿಫಿನ್ ಕ್ಯಾರಿಯರ್‌ನಲ್ಲಿ ಐಸ್ ತುಂಬಿ, ನಡುವೆ ಲೋಟ ಇಟ್ಟು ಬೈಕಿಗೆ ಕಟ್ಟಿಕೊಂಡು ಬರುತ್ತಿದ್ದೆ. ಮೊದಲ ಸಲ ತಂದದ್ದು ನಾಲ್ಕು ಎಂ.ಎಲ್. ಇಷ್ಟಕ್ಕಾಗಿ ಹರಿಹರದಿಂದ ಬಂದೆನಾ ಅಂತ ನಾಚಿಕೆಯಾಯಿತು. ಸಿಸ್ಟರ್ ಮಾತ್ರ ಬಂಗಾರ ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು.

34 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಬರುವುದಿಲ್ಲ. ಅದಕ್ಕೇ ಸಣ್ಣ ನಳಿಗೆಯಲ್ಲಿ ನೇರ ಹೊಟ್ಟೆಗೆ ಹಾಲು ಬಿಡುತ್ತಾರೆ. ನಳಿಗೆ ಕಂಡು ಗಾಬರಿಯಾಗಬೇಡಿ. ಅದರ ನಂತರದ ಹಂತ ಪಲಾಡೈ, ಅಂದರೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು. ಅದನ್ನು ಕಂಡ ಕೂಡಲೇ ನಮ್ಮವ್ವ ‘ಇದು ನಮ್ಮ ಒಳಲೆನೇ ಅಲ್ವಾ ತಮ್ಮಾ!’ ಅಂದಳು. ಹೌದು, ಅದೇ. ಅವಳು ನನಗೆ ಹಾಲು ಕುಡಿಸಿದ ಒಳಲೆ ಮನೆಯ ಅಟ್ಟದ ಮೇಲೆ ಈಗಲೂ ಇದೆ. ಬಾಟಲಿ ಮಾತ್ರ ಬೇಡ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಅಂಗಿ ಬಿಚ್ಚಿ, ಮಗುವನ್ನು ಎದೆಗೆ ಕಟ್ಟಿಕೊಳ್ಳಿ

ಮಗುವಿನ ಸ್ಥಿತಿ ನೋಡಿಕೊಂಡು ‘ಕಾಂಗರೂ ಆರೈಕೆ’ ಮಾಡಬಹುದಾ ಅಂತ ನೀವೇ ಕೇಳಿ. ಇದು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು. ಅಲ್ಲಿ ಮಕ್ಕಳಿಗೆ ಸಾಕಾಗುವಷ್ಟು ಪೆಟ್ಟಿಗೆ ಇರಲಿಲ್ಲ, ತಾಯಿಯ ಮೈ ಶಾಖವನ್ನೇ ಬಳಸಿದರು. ಬೇಗ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಡಬೇಕು, ಹುಟ್ಟಿದ ಮೇಲೆ ಆದಷ್ಟು ಬೇಗ ಶುರು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಬಡವರ ಉಪಾಯ ಅಂತ ಇದನ್ನು ಹಗುರ ಮಾಡಬೇಡಿ.

ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟೇ. ನಿಮ್ಮ ಬರಿ ಎದೆಯ ಮೇಲೆ ನೆಟ್ಟಗೆ, ಕಪ್ಪೆ ಕೂತ ಹಾಗೆ ಕಾಲು ಮಡಚಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಗದ್ದ ಎದೆಗೆ ಒತ್ತಿಕೊಂಡಿರಬಾರದು, ಮೂಗು ಕಾಣುತ್ತಿರಬೇಕು. ಮೇಲೆ ಹಳೇ ಕಾಟನ್ ಸೀರೆ ಸುತ್ತಿ ಕಟ್ಟಿದರೆ ಆಯಿತು. ಒಂದು ಸಲ ಕೂತರೆ ಒಂದು ಗಂಟೆಯಾದರೂ ಏಳಬೇಡಿ.

ಅಪ್ಪನೂ ಮಾಡಬಹುದು. ಐದನೇ ದಿನ ಸಿಸ್ಟರ್ ‘ಅಂಗಿ ಬಿಚ್ಚಿ ಸರ್’ ಅಂದಾಗ ನನಗೆ ಸಂಕೋಚ. ಆಮೇಲೆ ಆ ಮುಷ್ಟಿಯಷ್ಟು ತಲೆ ಎದೆಗೆ ತಾಗಿತು. ಮಾನಿಟರ್‌ನಲ್ಲಿ ಓಡುತ್ತಿದ್ದ ಅಂಕಿ ನಿಧಾನಕ್ಕೆ ಒಂದು ಹದಕ್ಕೆ ಬಂತು. ಮಗಳು ಹುಟ್ಟಿ ಐದು ದಿನವಾದರೂ ಅಪ್ಪ ಅನ್ನಿಸಿದ್ದು ಅವತ್ತೇ.

ಒಳಗೆ ಹೋಗುವ ಮುನ್ನ ಉಂಗುರ, ವಾಚು, ಕೈದಾರ ತೆಗೆದು ಮೊಣಕೈವರೆಗೆ ತೊಳೆಯಿರಿ. ನೆಗಡಿ, ಕೆಮ್ಮು ಇದ್ದ ದಿನ ಹೋಗಲೇಬೇಡಿ.

ಮನೆಯವರು

ಸುದ್ದಿ ಹೇಳಲು ಒಬ್ಬರನ್ನೇ ನೇಮಿಸಿ. ನಮ್ಮಲ್ಲಿ ಭಾವಮೈದುನ. ದಿನಾ ಒಂದು ವಾಟ್ಸ್‌ಆ್ಯಪ್ ಮೆಸೇಜು, ಮುಗೀತು. ಇಲ್ಲದಿದ್ದರೆ ನೀವು ಮಗುವಿಗಿಂತ ಜಾಸ್ತಿ ಫೋನನ್ನೇ ನೋಡಿಕೊಳ್ಳಬೇಕಾಗುತ್ತದೆ.

ನಾಲಿಗೆಗೆ ಜೇನು ಸವರುವುದು, ಬಜೆ ತೇದು ನೆಕ್ಕಿಸುವುದು, ಕತ್ತೆ ಹಾಲು ಹಾಕುವುದು, ಇವು ಯಾವುವೂ ಬೇಡ. ಹಿರಿಯರ ಜೊತೆ ಜಗಳವೂ ಬೇಡ. ‘ಡಾಕ್ಟರು ಬೈತಾರೆ’ ಅಂದರೆ ಸಾಕು, ನಮ್ಮಲ್ಲಿ ಅದು ಕೆಲಸ ಮಾಡುತ್ತದೆ. ಪುರುಡು, ತೊಟ್ಟಿಲು, ಹೆಸರಿಡುವುದು ತಿಂಗಳು ತಡವಾದರೂ ನಡೆಯುತ್ತದೆ.

ಬಾಣಂತಿಯ ವಿಷಯವೇ ಸೂಕ್ಷ್ಮ. ‘ಹಸಿ ಬಾಣಂತಿ ಗಾಳಿಗೆ ಹೋಗಬಾರದು’ ಅಂತ ಅತ್ತೆಯವರು ಪಟ್ಟು ಹಿಡಿದಿದ್ದರು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿ ಹೋಗಲಿ ಅಂತ ಒಪ್ಪಿಸಿದೆ. ಮಗುವಿನ ಹತ್ತಿರ ಕೂತ ದಿನವೇ ಹಾಲು ಜಾಸ್ತಿಯಾಯಿತು. ಮೊದಲ ಎರಡು ವಾರ ಸುಮ್ನೆ ಅಳು ಬರುವುದು ಮಾಮೂಲು. ಅದಕ್ಕೂ ಮೀರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನ್ನಿಸಿದರೆ ಡಾಕ್ಟರಿಗೆ ಹೇಳಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪ್ಪಂದಿರಿಗೂ ಇದು ಅನ್ವಯಿಸುತ್ತದೆ. ಮೂರು ರಾತ್ರಿ ಮಂಡಕ್ಕಿ-ಮೆಣಸಿನಕಾಯಿಯಲ್ಲೇ ಊಟ ಮುಗಿಸಿ ಬೈಕ್ ಓಡಿಸಿದವನು ಹೇಳುತ್ತಿದ್ದೇನೆ.

ದುಡ್ಡು, ಕಾಗದ

2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ಔಷಧ, ಪರೀಕ್ಷೆ, ರಕ್ತ ಎಲ್ಲ ಉಚಿತ. ಮೊದಲು 30 ದಿನದ ಮಗುವಿಗೆ ಇದ್ದದ್ದನ್ನು ಆಮೇಲೆ ಒಂದು ವರ್ಷಕ್ಕೆ ವಿಸ್ತರಿಸಿದರು. ಜಿಲ್ಲಾ ಆಸ್ಪತ್ರೆಗಳ ಮಟ್ಟದಲ್ಲಿ ನವಜಾತ ಶಿಶುಗಳಿಗೇ ‘ಎಸ್‌ಎನ್‌ಸಿಯು’ ಅನ್ನುವ ವಿಭಾಗ ಇರುತ್ತದೆ. ಜಗಳೂರು, ಹರಪನಹಳ್ಳಿ ಕಡೆಯವರು ದಾವಣಗೆರೆಗೆ ಬಂದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಖಾಸಗಿ ಕಡೆ ಸೇರಿಸುವುದಾದರೆ ರೆಫರಲ್ ಪತ್ರದ ವಿಷಯ ಮೊದಲೇ ಕೇಳಿ. ಬಿಲ್ಲು ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಆಧಾರ್, ರೇಷನ್ ಕಾರ್ಡ್, ತಾಯಿ ಕಾರ್ಡ್ ಮೂರೂ ಜೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿನಲ್ಲೇ ಇಡಿ.

ಜನನ ನೋಂದಣಿ 21 ದಿನದೊಳಗೆ ಆಗಬೇಕು. ಮಗು ಹುಟ್ಟಿದ ಊರಲ್ಲೇ, ದಾಖಲಾದ ಊರಲ್ಲಲ್ಲ. ನಾನು ದಾವಣಗೆರೆಯಲ್ಲಿ ವಿಚಾರಿಸಿ ಅರ್ಧ ದಿನ ಕಳೆದುಕೊಂಡೆ.

ಡಿಸ್ಚಾರ್ಜ್ ಆಗುವ ದಿನ

ಎಲ್ಲರೂ ಕಾರಿನಲ್ಲಿ ಕೂತು ಕಾಯುತ್ತಿರುತ್ತಾರೆ. ಕಾಯಲಿ ಬಿಡಿ. ಕಣ್ಣಿನ ಪರೀಕ್ಷೆಯ ತಾರೀಖು ಬರೆಸಿಕೊಳ್ಳದೆ ಹೊರಡಬೇಡಿ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ಇದ್ದ ಮಕ್ಕಳಿಗೆ ಕಣ್ಣಿನ ಒಳಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಅಪಾಯ ಇದೆ. ಹೊರಗಿನಿಂದ ಕಣ್ಣು ಚೆನ್ನಾಗೇ ಕಾಣುತ್ತದೆ. ಹುಟ್ಟಿದ 30 ದಿನದೊಳಗೆ ತೋರಿಸಲೇಬೇಕು, ಬಹಳ ಸಣ್ಣ ಮಕ್ಕಳಿಗೆ ಇನ್ನೂ ಮೊದಲೇ. ತಡವಾದರೆ ದೃಷ್ಟಿಯೇ ಹೋಗಬಹುದು. ಕಿವಿ ಪರೀಕ್ಷೆ, ಲಸಿಕೆಯ ವಿವರವನ್ನೂ ಕೇಳಿ.

ಮನೆಯಲ್ಲಿ ಸಾಂಬ್ರಾಣಿ ಹೊಗೆ, ಕಾಡಿಗೆ ಬೇಡ. ಎಣ್ಣೆ-ನೀರು ಡಾಕ್ಟರು ಹೇಳಿದ ಮೇಲೆ. ಆಶಾ ಕಾರ್ಯಕರ್ತೆ 42 ದಿನದವರೆಗೆ ಬಂದು ನೋಡುತ್ತಾರೆ, ಅವರ ನಂಬರ್ ಇಟ್ಟುಕೊಳ್ಳಿ. ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ ಅರವತ್ತಕ್ಕಿಂತ ಜಾಸ್ತಿ ಉಸಿರಾಡಿದರೆ, ಎದೆಗೂಡು ಒಳಗೆ ಸೆಳೆದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಅಂಗೈ-ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಇನ್ನು ಪಕ್ಕದ ಮನೆಯ ಮಗುವಿನ ಜೊತೆ ಹೋಲಿಕೆ. ಲಸಿಕೆಗೆ ಹುಟ್ಟಿದ ದಿನವನ್ನೇ ಲೆಕ್ಕ ಹಿಡಿಯುತ್ತಾರೆ. ಬೆಳವಣಿಗೆಗೆ ಮಾತ್ರ ಡಾಕ್ಟರು ಮೊದಲು ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಎಣಿಸಬೇಕು. ‘ಐದು ತಿಂಗಳಾಯ್ತು, ಇನ್ನೂ ಬೋರಲು ಬಿದ್ದಿಲ್ಲ’ ಅಂತ ಅವ್ವ ದಿನಾ ರಾಗ ಎಳೆಯುತ್ತಿದ್ದಳು. ಕ್ಯಾಲೆಂಡರ್ ಮುಂದೆ ನಿಲ್ಲಿಸಿ ಏಳು ವಾರ ಕಳೆದು ತೋರಿಸಿದೆ. ಆರೂವರೆ ತಿಂಗಳಿಗೆ ಒಂದು ಮಧ್ಯಾಹ್ನ ಮಗಳು ತಾನಾಗೇ ಬೋರಲು ಬಿದ್ದಳು. ಅವತ್ತು ಸಂಜೆ ಅವ್ವ ಹೋಳಿಗೆಗೆ ಬೇಳೆ ಇಟ್ಟಳು.