ಅಂಚು ಕಚ್ಚಿದ ರೂಪಾಯಿ: ಟಂಕಸಾಲೆಯ ತಪ್ಪೋ, ಯಾರದೋ ಕೈಕೆಲಸವೋ?

ಹೋದ ತಿಂಗಳು ಸೊಪ್ಪು ತಂದಾಗ ಚಿಲ್ಲರೆ ಜೊತೆ ಒಂದು ರೂಪಾಯಿಯ ವಿಚಿತ್ರ ನಾಣ್ಯ ಬಂತು. ಅಂಚಿನಲ್ಲಿ ಬಿಸ್ಕತ್ತು ಕಚ್ಚಿದ ಹಾಗೆ ಒಂದು ಚೂರು ಇರಲಿಲ್ಲ. 'ಅಯ್ಯೋ, ಮುಕ್ಕಾಗಿದೆ, ಬೇರೆ ಕೊಡ್ತೀನಿ ತಾಳಪ್ಪ' ಅಂದರು ಸೊಪ್ಪಿನಜ್ಜಿ. 'ಇರಲಿ ಬಿಡಜ್ಜಿ, ಇದೇ ಬೇಕು' ಅಂತ ಇಸ್ಕೊಂಡು ಬಂದೆ. ಅದು ಮುಕ್ಕಾದ ನಾಣ್ಯವಲ್ಲ, ಹುಟ್ಟಿದ್ದೇ ಹಾಗೆ.

ಹಾಗಂತ ಗೊತ್ತಾಗುವುದು ಹೇಗೆ? ಮೊದಲು ನಾಣ್ಯ ಹುಟ್ಟುವ ಬಗೆ ತಿಳಿದಿರಬೇಕು. ಟಂಕಸಾಲೆಯಲ್ಲಿ ಲೋಹದ ಪಟ್ಟಿಯಿಂದ ದುಂಡನೆ ಬಿಲ್ಲೆ ಕತ್ತರಿಸುತ್ತಾರೆ. ಬಿಲ್ಲೆಯ ಅಂಚನ್ನು ಒತ್ತಿ ಸ್ವಲ್ಪ ಎಬ್ಬಿಸುತ್ತಾರೆ; ಹೀಗೆ ಎದ್ದ ಅಂಚೇ ಏಣು. ಆಮೇಲೆ ಬಳೆಯಂಥ ಕಟ್ಟಿನೊಳಗಿಟ್ಟು, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒತ್ತುತ್ತಾರೆ. ವಿಚಿತ್ರ ನಾಣ್ಯ ಸಿಕ್ಕಾಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಇವುಗಳಲ್ಲಿ ಯಾವ ಹಂತದಲ್ಲಿ ಆಗಿರಬಹುದು? ಯಾವ ಹಂತಕ್ಕೂ ಹೊಂದದಿದ್ದರೆ ಅದು ಹೊರಗೆ ಆದ ಪೆಟ್ಟು.

ಮೊದಲ ಕೆಲಸ, ಅದೇ ಬಗೆಯ ಒಂದು ಒಳ್ಳೆಯ ನಾಣ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಇಸವಿಯ ಕೆಳಗೆ ನೋಡಿ, ಯಾವ ಟಂಕಸಾಲೆಯದು ಅನ್ನುವ ಗುರುತು ಅಲ್ಲಿರುತ್ತದೆ. ಈಚಿನ ನಾಣ್ಯಗಳಲ್ಲಿ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಗುರುತು ಬಿಟ್ಟುಹೋಗಿದೆ, ಇದು ಅಪರೂಪದ್ದು ಅಂತ ಕೋಲ್ಕತ್ತದ ನಾಣ್ಯ ಎತ್ತಿಟ್ಟುಕೊಂಡವರನ್ನು ನೋಡಿದ್ದೇನೆ.

ಈಗ ಕಚ್ಚಿದ ಅಂಚಿಗೆ ಬರೋಣ. ಲೋಹದ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಹಿಂದಿನ ಬಿಲ್ಲೆ ತೆಗೆದ ತೂತಿನ ಮೇಲೇ ಮುಂದಿನದನ್ನೂ ಕತ್ತರಿಸುತ್ತದೆ. ಆಗ ಬಿಲ್ಲೆಗೆ ಕಮಾನಿನಂಥ ಕೊರೆ ಬೀಳುತ್ತದೆ. ಇಂಥ ಬಿಲ್ಲೆಯ ಅಂಚು ಎಬ್ಬಿಸುವಾಗ ಕೊರೆಯ ಜಾಗದಲ್ಲಿ ಒತ್ತಡ ಸಿಗುವುದಿಲ್ಲ, ಹಾಗಾಗಿ ಅದರ ನೇರ ಎದುರು ಬದಿಯಲ್ಲೂ ಅಂಚು ಏಳುವುದಿಲ್ಲ. ನನ್ನ ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಕೊರೆ ಮೇಲಿಟ್ಟರೆ, ಸರಿಯಾಗಿ ಅದರ ಕೆಳಗೆ ಏಣು ಮಸುಕಾಗಿ ಮಲಗಿತ್ತು. ಕೊರೆಯ ಹತ್ತಿರದ ಅಕ್ಷರಗಳೂ ಅದರ ಕಡೆಗೆ ಜಗ್ಗಿದಂತಿದ್ದವು. ಕತ್ತರಿಸಿ ಅರದಲ್ಲಿ ಉಜ್ಜಿದ ನಾಣ್ಯದಲ್ಲಿ ಎದುರು ಅಂಚು ಗಟ್ಟಿಯಾಗಿಯೇ ಇರುತ್ತದೆ. ಅಕ್ಷರಗಳು ಚಾಕುವಿನಲ್ಲಿ ಕುಯ್ದ ಹಾಗೆ ತಟ್ಟನೆ ನಿಲ್ಲುತ್ತವೆ. ತೂಕ ಎರಡರಲ್ಲೂ ಕಡಿಮೆಯೇ, ಆದ್ದರಿಂದ ಇಲ್ಲಿ ತಕ್ಕಡಿ ನಂಬಬೇಡಿ.

ಅಡ್ಡಗೆರೆ ಕಂಡರೆ ಉಗುರು ಆಡಿಸಿ. ಉಬ್ಬಿದ್ದರೆ ಅಚ್ಚೇ ಬಿರುಕು ಬಿಟ್ಟು ಲೋಹ ಅದರೊಳಗೆ ಹೊಕ್ಕಿರಬಹುದು. ತಗ್ಗಿದ್ದರೆ ಬಹುಪಾಲು ಬರೀ ಗೀರು.

ಜಾಸ್ತಿ ಮೋಸ ಆಗುವುದು 'ಲಾಖಿ' ವಿಷಯದಲ್ಲಿ. ಸಂಗ್ರಹಕಾರರು ಹಾಗೆ ಕರೆಯುವ ನಾಣ್ಯದಲ್ಲಿ ಒಂದು ಮುಖ ಸರಿಯಾಗಿರುತ್ತದೆ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ತಿರುಗುಮುರುಗಾಗಿ ತಗ್ಗಿರುತ್ತದೆ. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಗೆ ಅದೇ ಅಚ್ಚಾದಾಗ ಹೀಗಾಗುತ್ತದೆ. ಪಕ್ಕದ ಮನೆ ಹುಡುಗ 'ಅಂಕಲ್, ಲಾಖಿ!' ಅಂತ ಎರಡು ರೂಪಾಯಿ ತಂದಿದ್ದ. ಭೂತಗನ್ನಡಿ ಹಿಡಿದು ತೋರಿಸಿದೆ. ತಗ್ಗಿದ ಗುರುತಿನ ಕೆಳಗೆ ಮೂಲ ಚಿತ್ರ ಜಜ್ಜಿಹೋಗಿ ಇನ್ನೂ ಕಾಣುತ್ತಿತ್ತು. ಇನ್ನೊಂದು ಬದಿಯಲ್ಲಿ ಸಿಂಹಗಳ ಮೂಗು ಚಪ್ಪಟೆ. ಎರಡು ನಾಣ್ಯ ಜೋಡಿಸಿ ಸುತ್ತಿಗೆಯಲ್ಲಿ ಹೊಡೆದರೆ ಹೀಗೇ ಆಗುವುದು. ಪಾಪ, ಹುಡುಗನ ಮುಖ ಸಪ್ಪಗಾಯಿತು. ಆದರೆ ಆ ಜಜ್ಜಿದ ಮೂಗು ಅವನು ಇನ್ನು ಮರೆಯುವುದಿಲ್ಲ.

ಹತ್ತು ರೂಪಾಯಿಯದು ಬೇರೆಯೇ ಕಥೆ. ಇದರ ನಡುವಿನ ಬಿಲ್ಲೆ ಮತ್ತು ಹೊರಗಿನ ಬಳೆ ಎರಡಕ್ಕೂ ಒಂದೇ ಏಟಿನಲ್ಲಿ ಅಚ್ಚು ಬೀಳುತ್ತದೆ. ಆದ್ದರಿಂದ ಸಿಂಹ ಮಾತ್ರ ಓರೆಯಾಗಿ, ಬಳೆಯ ಮೇಲಿನ 'ಭಾರತ' ನೆಟ್ಟಗಿದ್ದರೆ, ಯಾರೋ ನಡುವಿನದನ್ನು ಕಿತ್ತು ಮತ್ತೆ ಕೂರಿಸಿದ್ದಾರೆ ಎಂದರ್ಥ. ಎರಡೂ ಬದಿ ಸಿಂಹವೇ ಇದ್ದರೆ ಏಣಿನ ಒಳಬದಿಯಲ್ಲಿ ಬೆಸುಗೆಯ ಗೆರೆ ಹುಡುಕಿ. ಹೆಚ್ಚಾಗಿ ಅದು ಎರಡು ನಾಣ್ಯ ಕೊರೆದು ಕೂಡಿಸಿದ್ದು.

ಹಾಗೇ, ಕಿರಣದಂಥ ಗೆರೆ 15 ಇವೆ, ₹ ಚಿಹ್ನೆ ಇಲ್ಲ ಅಂತ ಹತ್ತರ ನಾಣ್ಯವನ್ನು ನಕಲಿ ಅನ್ನಬೇಡಿ. ಆ ಹೊತ್ತಿಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ನಮ್ಮೂರಿನ ಅಂಗಡಿಗಳಲ್ಲಿ 'ಇದು ನಡೆಯಲ್ಲ' ಅಂತ ಸುಮ್ನೆ ವಾಪಸ್ ಕೊಡುವುದನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ನಿಜವಾದ ನಕಲಿ ಬೇರೆ ಥರ ಸಿಕ್ಕಿಬೀಳುತ್ತದೆ. ಎರಕ ಹೊಯ್ದದ್ದಾದರೆ ಅಕ್ಷರಗಳು ಸೋಪಿನ ಮೇಲಿನ ಹೆಸರಿನಂತೆ ಮೊಂಡಾಗಿರುತ್ತವೆ, ಮೈಮೇಲೆ ಸಣ್ಣ ಗುಳಿಗಳಿರುತ್ತವೆ, ಅಂಚಿನ ಸುತ್ತ ಸೇರಿಕೆಯ ಗೆರೆ ಕಾಣಬಹುದು. ಇಲ್ಲಿ ತಕ್ಕಡಿ ನೆರವಿಗೆ ಬರುತ್ತದೆ. 2011ರ ಮಾದರಿಯ ಒಂದು ರೂಪಾಯಿ 3.79 ಗ್ರಾಂ ಇರಬೇಕು, ಉಕ್ಕಿನದಾದ್ದರಿಂದ ಆಯಸ್ಕಾಂತಕ್ಕೆ ಅಂಟಬೇಕು. ಅನುಮಾನ ಬಂದ ನಾಣ್ಯವನ್ನು ಇನ್ನೊಬ್ಬರಿಗೆ ದಾಟಿಸಬೇಡಿ, ಬ್ಯಾಂಕಿಗೆ ತೋರಿಸಿ. ನಕಲಿ ಅಂತ ಗೊತ್ತಿದ್ದೂ ಚಲಾಯಿಸುವುದು ಅಪರಾಧ.

ನಿಮ್ಮದು ಅಸಲಿ ತಪ್ಪಿನ ನಾಣ್ಯವೇ ಆಗಿದ್ದರೆ, ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅನ್ನುವ ಫೋನುಗಳಿಗೆ ಕಿವಿಗೊಡಬೇಡಿ. ತನ್ನ ಹೆಸರಲ್ಲೂ ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಮತ್ತೆ, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಟ್ಟಿನ ಹೊಳಪು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ನನ್ನ ಕಚ್ಚಿದ ರೂಪಾಯಿಯನ್ನು ಕೊಳೆ ಸಮೇತ ಒಂದು ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ತಾರೀಕು ಮತ್ತು 'ಸೊಪ್ಪಿನಜ್ಜಿ ಕೊಟ್ಟಿದ್ದು' ಅಂತ ಬರೆದಿಟ್ಟಿದ್ದೇನೆ.